ಹದಿನೆಂಟು ದಿನ, ಒಂದು ಕೇಬಲ್

ನಾನು ಕಂಪ್ಯೂಟರ್ ರಿಪೇರಿಯವಳಲ್ಲ. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿ, ಡಾಂಬರು ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗಿರುವ ಮನೆಯಲ್ಲಿ ಕುಳಿತು ಡಿಟಿಪಿ ಮಾಡುವವಳು. ಲಗ್ನಪತ್ರಿಕೆ, ಉಪನಯನದ ಕರೆಯೋಲೆ, ಸಹಕಾರ ಸಂಘದ ವಾರ್ಷಿಕ ವರದಿ, ವೈಕುಂಠ ಸಮಾರಾಧನೆಯ ಕಾರ್ಡು, ಹೀಗೆ ನಾಮಕರಣದಿಂದ ಹಿಡಿದು ಹದಿಮೂರನೆಯ ದಿನದವರೆಗಿನ ಎಲ್ಲ ಕಾಗದವೂ ನನ್ನ ಮೇಜನ್ನು ಹಾದು ಹೋಗುತ್ತದೆ. ಮೇಜಿನ ಕೆಳಗಿರುವುದು 2017ರಲ್ಲಿ ಬೆಂಗಳೂರಿನಲ್ಲಿದ್ದಾಗ ಬಿಡಿಭಾಗ ಕೊಂಡು ಜೋಡಿಸಿಕೊಂಡ ಡೆಸ್ಕ್‌ಟಾಪ್. ಅದರ ಒಳಭಾಗಗಳಿಗೆಲ್ಲ ವಿದ್ಯುತ್ ಹಂಚುವ ಪವರ್ ಸಪ್ಲೈ, ಅಂದರೆ ನಮ್ಮ ಕಡೆ ಎಲ್ಲರೂ ಎಸ್‌ಎಂಪಿಎಸ್ ಎನ್ನುವ ಡಬ್ಬಿ, ಈ ಮೇ ತಿಂಗಳಲ್ಲಿ ಸುಟ್ಟುಹೋಯಿತು. ಹೊಸದನ್ನು ಹಾಕುವುದು ಒಂದು ಗಂಟೆಯ ಕೆಲಸ. ನನಗೆ ಹದಿನೆಂಟು ದಿನ ಹಿಡಿಯಿತು. ಕುರುಕ್ಷೇತ್ರವೂ ಅಷ್ಟರಲ್ಲೇ ಮುಗಿದಿತ್ತು.

ಆ ಮಂಗಳವಾರ ಮಧ್ಯಾಹ್ನ ಮೂರಕ್ಕೇ ಮೋಡ ಕಟ್ಟಿತ್ತು. ಅಂಗಳದಲ್ಲಿ ಹಲಸಿನ ಹಪ್ಪಳ ಹರವಿತ್ತು. ಮೊದಲ ಗುಡುಗಿಗೇ ಅತ್ತೆ ಕೂಗಿಕೊಂಡರು. ನಾನು ಕಂಪ್ಯೂಟರನ್ನು ಹಾಗೆಯೇ ಬಿಟ್ಟು ಓಡಿದೆ. ಅದರ ಯುಪಿಎಸ್ ಬ್ಯಾಟರಿ ಶಿವರಾತ್ರಿಯ ಹೊತ್ತಿಗೇ ಸತ್ತಿತ್ತು. ‘ಮಳೆಗಾಲದೊಳಗೆ ಹಾಕಿಸಿದರಾಯಿತು’ ಎಂದು ಪ್ಲಗ್ಗನ್ನು ನೇರವಾಗಿ ಗೋಡೆಗೆ ಸಿಕ್ಕಿಸಿದ್ದೆ. ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಮೂರನೆಯ ಸಲ ಬಂದಾಗ ಜಗಲಿಯ ದೀಪ ಹಗಲಿನಂತೆ ಬೆಳಗಿತು, ಒಳಗಿನಿಂದ ಫಟ್ ಎಂಬ ಸದ್ದು ಕೇಳಿಸಿತು. ಹೋಗಿ ನೋಡಿದರೆ ಕೋಣೆಯ ತುಂಬ ಸುಟ್ಟ ವಾಸನೆ. ಹಪ್ಪಳ ಮಾತ್ರ ಒಂದೂ ನೆನೆದಿರಲಿಲ್ಲ.

ಎಸ್‌ಎಂಪಿಎಸ್ ಸತ್ತಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಹಳೆಯ ಉಪಾಯವಿದೆ. ಡಬ್ಬಿಯನ್ನು ಎಲ್ಲದರಿಂದ ಬಿಡಿಸಿ, ಗೋಡೆಯ ಸ್ವಿಚ್ ಆರಿಸಿ, ಇಪ್ಪತ್ನಾಲ್ಕು ಪಿನ್ನಿನ ದೊಡ್ಡ ಕನೆಕ್ಟರಿನಲ್ಲಿ ಹಸಿರು ತಂತಿಯ ತೂತಿಗೂ ಯಾವುದಾದರೂ ಕಪ್ಪು ತಂತಿಯ ತೂತಿಗೂ ಒಂದು ತಂತಿಯ ತುಂಡನ್ನು ಸಿಕ್ಕಿಸಬೇಕು. ಕೈ ತೆಗೆದ ಮೇಲೆಯೇ ಸ್ವಿಚ್ ಹಾಕಬೇಕು. ಡಬ್ಬಿಯ ಫ್ಯಾನ್ ತಿರುಗಿದರೆ ಜೀವ ಇದೆ ಎಂದು ಅರ್ಥ. ನಾನು ತಲೆಯ ಪಿನ್ನನ್ನೇ ಬಗ್ಗಿಸಿ ಹಾಕಿದೆ. ಫ್ಯಾನ್ ಅಲುಗಲಿಲ್ಲ. ನಮ್ಮವರು ಸ್ಕ್ರೂಡ್ರೈವರ್ ಹಿಡಿದು ‘ಬಿಚ್ಚಿ ನೋಡೋಣ, ಫ್ಯೂಸ್ ಇದ್ದೀತು’ ಎಂದರು. ಖಡಾಖಂಡಿತವಾಗಿ ಬೇಡ ಎಂದೆ. ಪ್ಲಗ್ ತೆಗೆದ ಮೇಲೂ ಆ ಡಬ್ಬಿಯೊಳಗಿನ ದೊಡ್ಡ ಕೆಪಾಸಿಟರ್ ಮುನ್ನೂರು ವೋಲ್ಟಿಗೂ ಹೆಚ್ಚಿನ ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಪಂಪ್‌ಸೆಟ್ ಬಿಚ್ಚಿ ಅಭ್ಯಾಸವಿರುವವರೂ ಇದಕ್ಕೆ ಕೈ ಹಾಕಬೇಡಿ.

ಅಂದು ರಾತ್ರಿಯೇ ಮೊಬೈಲಿನಲ್ಲಿ ಹೊಸದನ್ನು ತರಿಸಲು ಹಾಕಿದೆ. ನನ್ನ ಪ್ರೊಸೆಸರ್ ಇಂಟೆಲ್ ಐ5-7400, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಇಡೀ ಯಂತ್ರ ಇನ್ನೂರು ವ್ಯಾಟ್ ಕೂಡ ತಿನ್ನುವುದಿಲ್ಲ. 450 ವ್ಯಾಟಿನದು ಧಾರಾಳ ಸಾಕಿತ್ತು, ಆದರೆ ಒಳ್ಳೆಯದೆನಿಸಿದ ಮಾದರಿ ಖಾಲಿಯಾಗಿತ್ತು. 550 ವ್ಯಾಟಿನದಕ್ಕೆ 4,150 ರೂಪಾಯಿ ಕೊಟ್ಟೆ. ಏಳುನೂರು ರೂಪಾಯಿಗೂ ‘450 ವ್ಯಾಟ್’ ಎಂದು ಬರೆದ ಡಬ್ಬಿಗಳು ಸಿಗುತ್ತವೆ. ಒಮ್ಮೆ ಕೈಯಲ್ಲಿ ಹಿಡಿದು ತೂಗಿ ನೋಡಿ. ಖಾಲಿ ಬಿಸ್ಕತ್ತು ಡಬ್ಬಿಯ ಹಾಗೆ ಇದ್ದರೆ ಅಲ್ಲಿಯೇ ಇಟ್ಟು ಬನ್ನಿ. ಅಳತೆಯನ್ನೂ ನೋಡಿಕೊಳ್ಳಿ. ಎಟಿಎಕ್ಸ್ ಎಂಬ ಅಳತೆಯ ಸಾಮಾನ್ಯ ಡಬ್ಬಿ 150 ಮಿಲಿಮೀಟರ್ ಅಗಲ, 86 ಮಿಲಿಮೀಟರ್ ಎತ್ತರ ಇರುತ್ತದೆ. ಕ್ಯಾಬಿನೆಟ್, ಅಂದರೆ ಕಂಪ್ಯೂಟರಿನ ಹೊರಪೆಟ್ಟಿಗೆ, ಚಿಕ್ಕದಿದ್ದರೆ ಅದರೊಳಗೆ ಇದು ಕೂರದೆ ಹೋಗಬಹುದು.

ನಮ್ಮ ಮನೆಯವರೆಗೆ ಕೊರಿಯರ್ ಬರುವುದಿಲ್ಲ. ತೀರ್ಥಹಳ್ಳಿಗೆ ಬಂದು ಬಿದ್ದಿರುತ್ತದೆ, ಅವರು ಫೋನ್ ಮಾಡುತ್ತಾರೆ, ನಾವು ಹೋಗಿ ತರಬೇಕು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಟ್ಟದ ಕಿಟಕಿಯ ಬಳಿ ಮತ್ತು ದಣಪೆಯ ಹತ್ತಿರ. ಫೋನು ತಪ್ಪಿಹೋದರೆ ಪಾರ್ಸೆಲ್ ವಾಪಸಾಗುತ್ತದೆಂದು ಐದು ದಿನ ಮೊಬೈಲನ್ನು ಕಿಟಕಿಗೆ ಕಟ್ಟಿಟ್ಟೆ. ಈ ನಡುವೆ ಕೊಪ್ಪದ ಕಡೆಯ ಒಬ್ಬರ ಮಗಳ ಮದುವೆಯ ಪತ್ರಿಕೆ, ಪ್ರೂಫ್ ನೋಡಿ ಮುಗಿಸಿದ್ದು, ಕಂಪ್ಯೂಟರಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡಿತ್ತು. ತೀರ್ಥಹಳ್ಳಿಯ ಪರಿಚಯದವರೊಬ್ಬರ ಅಂಗಡಿಯಲ್ಲಿ ಕುಳಿತು ಮೊದಲಿನಿಂದ ಟೈಪ್ ಮಾಡಿಕೊಟ್ಟೆ. ಎರಡೂ ಕಡೆಯ ಆಹ್ವಾನಿಸುವವರ ಹೆಸರು ಸೇರಿ ಐವತ್ತೆರಡು. ಸೋದರಮಾವನ ಹೆಸರು ಬಿಟ್ಟುಹೋಗಿ ಮತ್ತೊಮ್ಮೆ ಪ್ಲೇಟ್ ಮಾಡಿಸಬೇಕಾಯಿತು.

ಏಳನೆಯ ದಿನ ಪಾರ್ಸೆಲ್ ಕೈಗೆ ಬಂತು. ಎಂಟನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಕುಳಿತೆ.

ನನ್ನ ಹಳೆಯ ಎಸ್‌ಎಂಪಿಎಸ್ ಮತ್ತು ಹೊಸದು ಎರಡೂ ಸೆಮಿ ಮಾಡ್ಯುಲರ್ ಜಾತಿಯವು. ಕೆಲವು ಕೇಬಲ್‌ಗಳು ಡಬ್ಬಿಗೇ ಅಂಟಿಕೊಂಡಿರುತ್ತವೆ. ಉಳಿದವನ್ನು ಬೇಕಾದರೆ ಸಿಕ್ಕಿಸಬಹುದು, ಬೇಡವಾದರೆ ಕೀಳಬಹುದು. ಮದರ್‌ಬೋರ್ಡಿಗೆ, ಅಂದರೆ ಎಲ್ಲ ಭಾಗಗಳನ್ನೂ ಸೇರಿಸುವ ದೊಡ್ಡ ಹಲಗೆಗೆ, ಹೋಗುವ ಇಪ್ಪತ್ನಾಲ್ಕು ಪಿನ್ನಿನದು, ಪ್ರೊಸೆಸರ್ ಪಕ್ಕದ ಎಂಟು ಪಿನ್ನಿನದು ಅಂಟಿಕೊಂಡ ಜಾತಿ. ಹಾರ್ಡ್‌ಡಿಸ್ಕ್‌ಗೂ ಡಿವಿಡಿ ಡ್ರೈವ್‌ಗೂ ವಿದ್ಯುತ್ ಕೊಡುವ ಸಾಟಾ ಕೇಬಲ್ ಕೀಳುವ ಜಾತಿ. ಹಳೆಯ ಡಬ್ಬಿಯ ಆ ಸಾಟಾ ಕೇಬಲನ್ನು 2017ರಲ್ಲಿ ನಾನೇ ಬೋರ್ಡಿನ ಹಿಂದಿನಿಂದ ಸುತ್ತಿಸಿ, ಆರು ಕಡೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಅಚ್ಚುಕಟ್ಟಾಗಿ ಕಟ್ಟಿದ್ದೆ. ಅದನ್ನು ಕತ್ತರಿಸಿ ತೆಗೆಯಲು ಮನಸ್ಸು ಬರಲಿಲ್ಲ. ತುದಿಯನ್ನು ಹೊಸ ಡಬ್ಬಿಯ ತೂತಿಗೆ ಹಿಡಿದು ನೋಡಿದೆ. ಅದೇ ಆರು ಪಿನ್, ಅದೇ ಆಕಾರ. ಟಕ್ ಎಂದು ಕುಳಿತಿತು. ಹೊಸ ಸಾಟಾ ಕೇಬಲ್ ಚೀಲದಲ್ಲಿಯೇ ಉಳಿಯಿತು.

ಇದನ್ನು ಓದಿ ಈಗಲೇ ಹಣೆ ಚಚ್ಚಿಕೊಂಡವರು ಮುಂದೆ ಓದಬೇಕಾಗಿಲ್ಲ. ಉಳಿದವರು ನನ್ನ ಜೊತೆ ಬನ್ನಿ.

ಗುಂಡಿ ಒತ್ತಿದೆ. ಫ್ಯಾನುಗಳು ತಿರುಗಿದವು, ದೀಪ ಹತ್ತಿತು, ಎರಡು ಎಣಿಸುವಷ್ಟರಲ್ಲಿ ಎಲ್ಲ ನಿಂತಿತು. ಸಣ್ಣಗೆ ಏನೋ ಕರಟಿದ ವಾಸನೆ. ಹೊಸ ಸಾಮಾನಿನ ವಾಸನೆ ಇರಬೇಕೆಂದುಕೊಂಡೆ. ಮತ್ತೆ ಒತ್ತಿದೆ. ಈ ಸಲ ಫ್ಯಾನ್ ಕಾಲು ಸುತ್ತು ಹೊರಳಿ ನಿಂತಿತು, ಡಬ್ಬಿಯೊಳಗೆ ಟಿಕ್ ಎಂದಿತು. ಆಮೇಲೆ ಒತ್ತಿದರೆ ಅದೂ ಇಲ್ಲ. ಗೋಡೆಯ ಸ್ವಿಚ್ ಆರಿಸಿ ಅರ್ಧ ನಿಮಿಷ ಕಾದು ಹಾಕಿದರೆ ಮತ್ತೆ ಕಾಲು ಸುತ್ತು, ಟಿಕ್. ಹೀಗೆ ಹದಿನೈದು ಸಲವಾದರೂ ಒತ್ತಿರಬೇಕು.

ಆ ಕಾಲು ಸುತ್ತು ಮತ್ತು ಟಿಕ್ ಏನು ಹೇಳುತ್ತಿತ್ತು ಎಂಬುದು ನನಗೆ ಆಗ ತಿಳಿಯಲಿಲ್ಲ. ಒಳ್ಳೆಯ ಎಸ್‌ಎಂಪಿಎಸ್ ತನ್ನ ಯಾವುದಾದರೂ ಒಂದು ದಾರಿಯಲ್ಲಿ ಶಾರ್ಟ್ ಕಂಡರೆ ಕೂಡಲೇ ತನ್ನನ್ನು ತಾನೇ ಆರಿಸಿಕೊಂಡು ಬೀಗ ಹಾಕಿಕೊಳ್ಳುತ್ತದೆ. ಗೋಡೆಯ ಸ್ವಿಚ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟ ಮೇಲಷ್ಟೇ ಬೀಗ ಬಿಚ್ಚುತ್ತದೆ. ಅಂದರೆ ಹೊಸ ಡಬ್ಬಿ ಪ್ರತಿ ಸಲವೂ ‘ಎಲ್ಲೋ ಶಾರ್ಟ್ ಇದೆ’ ಎಂದು ಕೂಗುತ್ತಿತ್ತು. ನಾನು ಅದನ್ನೇ ಬೈಯುತ್ತಿದ್ದೆ.

ಮೂರು ದಿನ ಹುಡುಕಿದೆ. ಡಬ್ಬಿಯ ಹಿಂದಿನ ಚಿಕ್ಕ ಸ್ವಿಚ್ ಸರಿಯಾಗಿಯೇ ಇತ್ತು. ಪ್ರೊಸೆಸರ್ ಪಕ್ಕದ ಎಂಟು ಪಿನ್ನನ್ನು ಕಿತ್ತು ಮತ್ತೆ ಹಾಕಿದೆ. ಇದನ್ನು ಮರೆತವರ ಕಂಪ್ಯೂಟರಿನಲ್ಲಿ ಫ್ಯಾನುಗಳು ತಿರುಗುತ್ತಲೇ ಇರುತ್ತವೆ, ಪರದೆ ಮಾತ್ರ ಕಪ್ಪಗಿರುತ್ತದೆ. ನನ್ನದು ಆ ರೋಗವಲ್ಲ. ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ ಒಂದು ಮಾತು: ಕಾರ್ಡಿಗೆ ಹೋಗುವುದೂ ಎಂಟು ಪಿನ್, ಪ್ರೊಸೆಸರಿಗೆ ಹೋಗುವುದೂ ಎಂಟು ಪಿನ್. ಮೊದಲನೆಯದು ಆರು ಮತ್ತು ಎರಡಾಗಿ ಸೀಳುತ್ತದೆ, ಎರಡನೆಯದು ಸಾಮಾನ್ಯವಾಗಿ ನಾಲ್ಕು ಮತ್ತು ನಾಲ್ಕಾಗಿ. ಒಂದರಲ್ಲಿ ವಿದ್ಯುತ್ ಇರುವ ಸಾಲಿನಲ್ಲಿ ಇನ್ನೊಂದರಲ್ಲಿ ಅರ್ತ್ ಇರುತ್ತದೆ. ಬಿಗಿಯೆನಿಸಿದರೆ ನಿಲ್ಲಿಸಿ, ಒತ್ತಿ ತುರುಕಬೇಡಿ.

ರ‍್ಯಾಮ್ ಪಟ್ಟಿಗಳನ್ನು ತೆಗೆದು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಬೋರ್ಡಿನ ಬಟನ್ ಬ್ಯಾಟರಿ, ಸಿಆರ್2032, ಅದನ್ನೂ ಬದಲಿಸಿದೆ, 40 ರೂಪಾಯಿ. ಮುಂದಿನ ಗುಂಡಿಯೇ ಕೆಟ್ಟಿದೆಯೋ ಎಂದು ಬೋರ್ಡಿನ ಮೇಲೆ ಆ ಗುಂಡಿಯ ತಂತಿ ಸಿಕ್ಕಿಸುವ ಎರಡು ಕಡ್ಡಿಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಮುಟ್ಟಿಸಿ ನೋಡಿದೆ. ಬೋರ್ಡನ್ನೇ ಬಿಚ್ಚಿ ಹಿಂದೆ ಸ್ಕ್ರೂ ಬಿದ್ದು ಶಾರ್ಟ್ ಆಗಿದೆಯೇ ಎಂದು ಹುಡುಕಿದೆ. ಸ್ಕ್ರೂ ಸಿಗಲಿಲ್ಲ, ಒಂದು ಒಣಗಿದ ಹಲ್ಲಿಮರಿ ಸಿಕ್ಕಿತು. ಅದೇ ಕಾರಣ ಎಂದು ಅರ್ಧ ಗಂಟೆ ಸಂತೋಷಪಟ್ಟೆ.

ಕೊನೆಗೆ ಹೊಸ ಡಬ್ಬಿಯನ್ನು ಪೂರ್ತಿ ಹೊರತೆಗೆದು ಅದಕ್ಕೂ ಆ ಪಿನ್ನಿನ ಪರೀಕ್ಷೆ ಮಾಡಿದೆ. ಹೊಸದರಲ್ಲಿ ತಂತಿಗಳೆಲ್ಲ ಕಪ್ಪು, ಹಸಿರು ಯಾವುದೆಂದು ಎಣಿಸಿ ಹಾಕುವ ಧೈರ್ಯ ಬರಲಿಲ್ಲ. ಪುಣ್ಯಕ್ಕೆ ಪೆಟ್ಟಿಗೆಯೊಳಗೆ ಇದಕ್ಕೆಂದೇ ಒಂದು ಪ್ಲಾಸ್ಟಿಕ್ ಬಿರಡೆ ಇಟ್ಟಿದ್ದರು. ಹಾಕಿದೊಡನೆ ಫ್ಯಾನ್ ಗಿರ್ರೆಂದು ತಿರುಗಿತು, ನಿಲ್ಲಲೇ ಇಲ್ಲ. ಡಬ್ಬಿ ಚೆನ್ನಾಗಿದೆ, ಹಾಗಾದರೆ ಬೋರ್ಡು ಹೋಗಿದೆ, ಎಂದು ತೀರ್ಮಾನಿಸಿದೆ. ಆ ಪರೀಕ್ಷೆಯಲ್ಲಿ ಬೋರ್ಡಿನ ಜೊತೆ ಹಾರ್ಡ್‌ಡಿಸ್ಕ್ ಕೂಡ ಹೊರಗಿತ್ತು ಎಂಬುದು ತಲೆಗೆ ಹೊಳೆಯಲಿಲ್ಲ. ಹಾರ್ಡ್‌ಡಿಸ್ಕ್ ನನ್ನ ಲೆಕ್ಕದಲ್ಲಿ ಮನೆಯ ಹಿರಿಯರಿದ್ದ ಹಾಗೆ. ಅದರ ಮೇಲೆ ಅನುಮಾನವೇ ಬರಲಿಲ್ಲ.

ಅತ್ತೆ ಅಷ್ಟೂ ದಿನ ನೋಡುತ್ತಿದ್ದವರು, ‘ಆ ಪೆಟ್ಟಿಗೆಗೆ ಯಾರದೋ ದೃಷ್ಟಿಯಾಗಿದೆ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕು’ ಎಂದರು. ನಿವಾಳಿಸಲಿಲ್ಲ. ಆದರೆ ಮೆಣಸಿನಕಾಯಿಯ ಖರ್ಚು ಮದರ್‌ಬೋರ್ಡಿಗಿಂತ ಕಡಿಮೆ ಎಂಬುದು ಕೆಲವೇ ದಿನಗಳಲ್ಲಿ ಗೊತ್ತಾಯಿತು.

ಹನ್ನೊಂದನೆಯ ದಿನ, ಶುಕ್ರವಾರ, ಕ್ಯಾಬಿನೆಟ್ಟನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಮೇಲೊಂದು ಗೊಬ್ಬರದ ಪ್ಲಾಸ್ಟಿಕ್ ಚೀಲ ಹೊದಿಸಿ ಶಿವಮೊಗ್ಗದ ಬಸ್ ಹತ್ತಿದೆ. ತೀರ್ಥಹಳ್ಳಿಯಿಂದ ಅರವತ್ತು ಕಿಲೋಮೀಟರ್ ಚಿಲ್ಲರೆ. ಕಂಡಕ್ಟರ್ ‘ಏನಮ್ಮಾ, ಬಾಣಂತಿ ಸಾಮಾನೇ?’ ಎಂದು ಕೇಳಿ ಲಗೇಜಿನ ಟಿಕೆಟ್ ಹರಿದ. ಮಂಡಗದ್ದೆಯ ಬಳಿ ಉಬ್ಬು ಬಂದಾಗಲೆಲ್ಲ ಮಡಿಲಿನಲ್ಲಿ ಹಿಡಿದುಕೊಂಡೆ. ಸಕ್ರೆಬೈಲು, ಗಾಜನೂರು ದಾಟುವಾಗ ಸಾಮಾನ್ಯವಾಗಿ ಕಿಟಕಿಯಿಂದ ನೀರು ನೋಡುವವಳು, ಅಂದು ಕಂಬಳಿಯನ್ನೇ ನೋಡುತ್ತಿದ್ದೆ.

ಪೇಟೆಯ ಒಂದು ಅಂಗಡಿಯಲ್ಲಿ ಬಿಟ್ಟೆ. ‘ಇಂದು ಆಗುವುದಿಲ್ಲ ಮೇಡಂ, ಕ್ಯೂ ಇದೆ’ ಎಂದರು. ಶನಿವಾರ ಫೋನ್ ಇಲ್ಲ, ಭಾನುವಾರ ರಜೆ. ಸೋಮವಾರ ಸಂಜೆ ಅಟ್ಟದ ಕಿಟಕಿಯಲ್ಲಿ ಫೋನ್ ಬಂತು. ‘ನಮ್ಮ ಎಸ್‌ಎಂಪಿಎಸ್ ಹಾಕಿದರೂ ಅದೇ ಮೇಡಂ. ಮದರ್‌ಬೋರ್ಡ್ ಹೋಗಿದೆ. ಸಿಡಿಲು ಅಲ್ಲವೇ.’ ಈ ಪ್ರೊಸೆಸರಿಗೆ ಹೊಂದುವ ಬೋರ್ಡ್ ಈಗ ಹೊಸದು ಸಿಗುವುದು ಕಷ್ಟ, ಬಳಸಿದ್ದನ್ನು ಬೆಂಗಳೂರಿನಿಂದ ತರಿಸಬೇಕು, 4,500 ರೂಪಾಯಿ, ಒಂದು ವಾರ. ಸಾವಿರ ಮುಂಗಡ ಮೊಬೈಲಿನಲ್ಲೇ ಕಳುಹಿಸಿದೆ. ಅವರನ್ನು ದೂರುವುದು ಸುಲಭ. ಅವರು ತಮ್ಮ ಡಬ್ಬಿಯ ಕೇಬಲ್‌ಗಳನ್ನು ಎಲ್ಲ ಕಡೆಗೂ, ಹಾರ್ಡ್‌ಡಿಸ್ಕ್‌ಗೂ ಸೇರಿಸಿ, ಸಿಕ್ಕಿಸಿ ನೋಡಿದ್ದಾರೆ. ಶಾರ್ಟ್ ಹಾರ್ಡ್‌ಡಿಸ್ಕ್‌ನಲ್ಲೇ ಇದ್ದಾಗ ಯಾರ ಡಬ್ಬಿ ಹಾಕಿದರೂ ಅದೇ ಕಾಲು ಸುತ್ತು. ನಾನು ಮಾಡಿದ ತಪ್ಪನ್ನೇ ಅವರೂ ಮಾಡಿದರು. ಪರೀಕ್ಷೆಯ ಶುಲ್ಕವೆಂದು 350 ರೂಪಾಯಿ ತೆಗೆದುಕೊಂಡದ್ದಷ್ಟೇ ವ್ಯತ್ಯಾಸ.

ಬೋರ್ಡ್ ಬರುವವರೆಗೆ ಕ್ಯಾಬಿನೆಟ್ ಅಲ್ಲಿಯೇ ಇರಲಿ ಎಂದರು. ಏಕೋ ಮನಸ್ಸು ಒಪ್ಪಲಿಲ್ಲ. ಮಂಗಳವಾರ ಹೋಗಿ ಮತ್ತೆ ಕಂಬಳಿ ಸುತ್ತಿ ತಂದೆ. ಅಂದು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ.

ಪಕ್ಕದ ಮನೆಯ ಹುಡುಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾನೆ. ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದವನು ಬುಧವಾರ ಹಾಲಿನ ಪಾತ್ರೆ ವಾಪಸ್ ಕೊಡಲು ಬಂದ. ಕಂಬಳಿಯ ಗಂಟು ನೋಡಿ ಏನೆಂದು ಕೇಳಿದ. ಕಥೆ ಹೇಳಿದೆ.

‘ಅಕ್ಕ, ಎಲ್ಲವನ್ನೂ ಕಿತ್ತು ನೋಡಿದಿರಾ?’

‘ಕಿತ್ತಿದ್ದೇನೆ ಮಾರಾಯ, ಬೋರ್ಡನ್ನೇ ಬಿಚ್ಚಿದ್ದೇನೆ.’

‘ಇದನ್ನು?’ ಎಂದು ಅವನು ಬೆರಳು ತೋರಿಸಿದ್ದು ಹಾರ್ಡ್‌ಡಿಸ್ಕ್‌ಗೆ ಸಿಕ್ಕಿಸಿದ್ದ ಆ ಕೇಬಲಿಗೆ.

ಅದನ್ನು ಡಬ್ಬಿಯ ಕಡೆಯಿಂದ ಕಿತ್ತ. ಇದ್ದ ಎರಡು ರ‍್ಯಾಮ್ ಪಟ್ಟಿಗಳಲ್ಲಿ ಒಂದನ್ನು ಬಿಟ್ಟ. ಪ್ರೊಸೆಸರ್, ಅದರ ಫ್ಯಾನ್, ಒಂದು ರ‍್ಯಾಮ್, ಮಾನಿಟರ್, ಇಷ್ಟೇ. ಗುಂಡಿ ಒತ್ತಿದ. ಫ್ಯಾನ್ ತಿರುಗಿತು, ತಿರುಗುತ್ತಲೇ ಇತ್ತು, ಪರದೆಯ ಮೇಲೆ ಅಕ್ಷರ ಮೂಡಿತು. ನನ್ನ ವಿಂಡೋಸ್ ಇರುವುದು ಬೋರ್ಡಿನ ಮೇಲೆಯೇ ಕೂರುವ, ಎರಡು ಬೆರಳಗಲದ ಎಸ್‌ಎಸ್‌ಡಿ ಪಟ್ಟಿಯಲ್ಲಿ. ಅದಕ್ಕೆ ಕೇಬಲಿನ ಹಂಗಿಲ್ಲ. ಹಾಗಾಗಿ ಅದು ಏನೂ ಆಗಿಲ್ಲವೆಂಬಂತೆ ಎದ್ದು ಕುಳಿತಿತು. ನನಗೆ ಅಳು ಬಂತು. ಅತ್ತೆ ಹುಡುಗನಿಗೆ ಕಾಫಿಯ ಜೊತೆ ನಾಲ್ಕು ಹಪ್ಪಳ ಸುಟ್ಟು ಕೊಟ್ಟರು.

ಬಟನ್ ಬ್ಯಾಟರಿ ತೆಗೆದು ಹಾಕಿದ್ದರಿಂದ ಗಡಿಯಾರ 2017ರ ಜನವರಿಗೆ ಹೋಗಿತ್ತು. ಇಂಟರ್ನೆಟ್ಟಿನಲ್ಲಿ ಯಾವ ತಾಣ ತೆರೆದರೂ ‘ಸುರಕ್ಷಿತವಲ್ಲ’ ಎಂದು ಹೆದರಿಸುತ್ತಿತ್ತು. ವೈರಸ್ ಎಂದು ಗಾಬರಿಯಾಗಬೇಡಿ, ತಾರೀಕು ಸರಿಮಾಡಿದರೆ ಸರಿಹೋಗುತ್ತದೆ.

ಆಮೇಲೆ ಹುಡುಗ ಹಳೆಯ ಸಾಟಾ ಕೇಬಲನ್ನೂ ಚೀಲದಲ್ಲಿದ್ದ ಹೊಸದನ್ನೂ ಜಗಲಿಯ ಮೇಲೆ ಪಕ್ಕಪಕ್ಕ ಇಟ್ಟು, ಮಲ್ಟಿಮೀಟರ್ ತಂದು ಒಂದೊಂದೇ ತಂತಿಯನ್ನು ಹಿಡಿದು ನೋಡಿದ. ಹಾರ್ಡ್‌ಡಿಸ್ಕ್ ಕಡೆಯ ತುದಿ ಜಗತ್ತಿನಲ್ಲೆಲ್ಲ ಒಂದೇ: ಹದಿನೈದು ಪಿನ್, ಯಾವುದು ಎಲ್ಲಿ ಎಂದು ಗೊತ್ತುಮಾಡಿದ್ದು. ಡಬ್ಬಿಯ ಕಡೆಯ ತುದಿಗೆ ಅಂಥ ಕಟ್ಟಳೆ ಇಲ್ಲ. ಪ್ರತಿ ಕಂಪನಿಯೂ, ಕೆಲವೊಮ್ಮೆ ಒಂದೇ ಕಂಪನಿಯ ಎರಡು ಮಾದರಿಗಳೂ, ತಂತಿಗಳನ್ನು ತಮಗೆ ಬೇಕಾದ ಕ್ರಮದಲ್ಲಿ ಇಟ್ಟುಕೊಳ್ಳುತ್ತವೆ. ಆಕಾರ ಮಾತ್ರ ಒಂದೇ, ಟಕ್ ಎಂದು ಕೂರುತ್ತದೆ. ನನ್ನ ಹಳೆಯ ಕೇಬಲಿನಲ್ಲಿ ಐದು ವೋಲ್ಟಿನ ತಂತಿ ಇದ್ದ ಜಾಗದಲ್ಲಿ ಹೊಸ ಡಬ್ಬಿ ಹನ್ನೆರಡು ವೋಲ್ಟ್ ಇಟ್ಟಿತ್ತು. ಹಳೆಯ ಕಾಲದ ಹಾಗೆ ಹಳದಿ ಹನ್ನೆರಡು, ಕೆಂಪು ಐದು ಎಂದು ಬಣ್ಣಗಳಿದ್ದರೆ ಕಣ್ಣಿಗಾದರೂ ಬೀಳುತ್ತಿತ್ತೇನೋ. ಎಲ್ಲವೂ ಕಪ್ಪು ಪಟ್ಟಿ. ಹೊಸ ಡಬ್ಬಿಯ ಪುಸ್ತಿಕೆಯ ನಾಲ್ಕನೆಯ ಪುಟದಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, ‘ಜೊತೆಗೆ ಕೊಟ್ಟ ಕೇಬಲ್‌ಗಳನ್ನು ಮಾತ್ರ ಬಳಸಿ’ ಎಂದಿತ್ತು. ಲಗ್ನಪತ್ರಿಕೆಯ ಪ್ರೂಫಿನಲ್ಲಿ ಅರ್ಧವಿರಾಮ ಹುಡುಕುವ ನನಗೆ ಇದು ಕಾಣಲಿಲ್ಲ.

ಹೊಸ ಕೇಬಲ್ ಹಾಕಿ ಅಳೆದ. 12.1 ವೋಲ್ಟ್, 5.04 ವೋಲ್ಟ್. ಎರಡಕ್ಕೂ ಶೇಕಡಾ ಐದರಷ್ಟು ಆಚೀಚೆ ನಡೆಯುತ್ತದೆ, ಅಂದರೆ 11.4ರಿಂದ 12.6, 4.75ರಿಂದ 5.25. ಡಬ್ಬಿಯಲ್ಲಿ ದೋಷವಿರಲಿಲ್ಲ. ಡಿವಿಡಿ ಡ್ರೈವನ್ನು ಸಿಕ್ಕಿಸಿದೆವು, ಮಿಸುಕಲಿಲ್ಲ, ಸತ್ತಿದೆ. ಅದಕ್ಕೆ ನಾನು ಅಳಲಿಲ್ಲ. ಹಾರ್ಡ್‌ಡಿಸ್ಕ್ ಸಿಕ್ಕಿಸಿದೆವು. ಕಾಲು ಸುತ್ತು, ಟಿಕ್.

ಅದರಲ್ಲಿ ಎಂಟು ವರ್ಷಗಳ ಕೆಲಸವಿತ್ತು. ನನ್ನ ಗಿರಾಕಿಗಳು ಹೊಸ ಪತ್ರಿಕೆ ಮಾಡಿಸುವುದಿಲ್ಲ. ‘ದೊಡ್ಡ ಮಗಳದ್ದು ಮಾಡಿದ್ದಿರಲ್ಲ, ಅದನ್ನೇ ತೆಗೆದು ಹೆಸರು ಬದಲಾಯಿಸಿ’ ಎನ್ನುತ್ತಾರೆ. ಆ ‘ಅದನ್ನೇ’ ಎಲ್ಲ ಅದರೊಳಗಿತ್ತು. ಮಾವನವರು ಹೋಗುವ ಮೊದಲು ನನ್ನ ಪಕ್ಕ ಕುಳಿತು ಹೇಳಿ ಬರೆಸಿದ ಮನೆತನದ ವಂಶಾವಳಿಯೂ ಇತ್ತು. ಬೇರೆ ಕಡೆ ಪ್ರತಿ ಇಟ್ಟಿರಲಿಲ್ಲ. ಯಾಕೆ ಎಂದು ಕೇಳಬೇಡಿ. ಯುಪಿಎಸ್ ಬ್ಯಾಟರಿ ಯಾಕೆ ಹಾಕಿಸಿರಲಿಲ್ಲವೋ ಅದಕ್ಕೇ.

ಹುಡುಗ ಹಾರ್ಡ್‌ಡಿಸ್ಕನ್ನು ಮಗುಚಿ ಅದರ ಹಸಿರು ಹಲಗೆಯ ಮೇಲೆ, ವಿದ್ಯುತ್ ಒಳಗೆ ಬರುವ ಬಾಯಿಯ ಹತ್ತಿರ, ಗೋಧಿ ಕಾಳಿನಷ್ಟಿರುವ ಎರಡು ಕಪ್ಪು ಭಾಗಗಳನ್ನು ತೋರಿಸಿದ. ಟಿವಿಎಸ್ ಡಯೋಡ್ ಎನ್ನುತ್ತಾರಂತೆ. ಒಂದು ಹನ್ನೆರಡು ವೋಲ್ಟಿನ ದಾರಿಗೆ, ಇನ್ನೊಂದು ಐದರ ದಾರಿಗೆ ಕಾವಲು. ಮಿತಿ ಮೀರಿದ ವೋಲ್ಟೇಜ್ ಬಂದರೆ ಅದನ್ನು ತಾನೇ ನುಂಗಿ ಅರ್ತಿಗೆ ಹಾಯಿಸುತ್ತದೆ. ಹೆಚ್ಚು ಹೊತ್ತು ಬಂದರೆ ಶಾರ್ಟ್ ಆಗಿ ಸಾಯುತ್ತದೆ, ಒಳಗಿನದು ಉಳಿಯುತ್ತದೆ. ಮೀಟರ್ ಹಿಡಿದ. ಹನ್ನೆರಡರದ್ದು ಚೆನ್ನಾಗಿತ್ತು. ಐದರದ್ದು ಬೀಪ್ ಎಂದು ಒಂದೇ ಸಮನೆ ಕೂಗಿತು. ‘ಅಕ್ಕ, ಇದೊಂದೇ ಸತ್ತಿದ್ದರೆ ನಿಮ್ಮ ಅದೃಷ್ಟ. ಕಿತ್ತು ಹಾಕಿದರೆ ಡಿಸ್ಕ್ ಎದ್ದೀತು. ಆದರೆ ನನ್ನ ಕೈಯಲ್ಲಿ ಬೇಡ’ ಎಂದ. ಅವನ ಬಳಿ ಇದ್ದದ್ದು ರೇಡಿಯೋ ಬೆಸುಗೆ ಹಾಕುವ ದಪ್ಪ ಕಡ್ಡಿ.

ಗುರುವಾರ, ಹದಿನೇಳನೆಯ ದಿನ, ಮತ್ತೆ ಶಿವಮೊಗ್ಗ. ಈ ಸಲ ಚೀಲದಲ್ಲಿ ಹಾರ್ಡ್‌ಡಿಸ್ಕ್ ಮಾತ್ರ, ಬಾಳೆಕಾಯಿ ಚಿಪ್ಸಿನ ಡಬ್ಬಿಯಲ್ಲಿ ಹತ್ತಿಬಟ್ಟೆ ಸುತ್ತಿ. ಮೊದಲು ಹೋದ ಕಡೆ ‘ಇದೇ ಮಾದರಿಯ ಇನ್ನೊಂದು ಡಿಸ್ಕ್ ತಂದು ಅದರ ಹಲಗೆ ಕಿತ್ತು ಇದಕ್ಕೆ ಹಾಕಿ’ ಎಂದರು. ಹುಡುಗ ಅದನ್ನು ಮೊದಲೇ ಹೇಳಿಕೊಟ್ಟಿದ್ದ: ಈಗಿನ ಡಿಸ್ಕ್‌ಗಳಲ್ಲಿ ಹಲಗೆಯ ಮೇಲಿನ ಒಂದು ಚಿಪ್ಪಿನಲ್ಲಿ ಆ ಡಿಸ್ಕಿಗೆ ಮಾತ್ರ ಸೇರಿದ ಮಾಹಿತಿ ಇರುತ್ತದೆ, ಸುಮ್ಮನೆ ಹಲಗೆ ಬದಲಿಸಿದರೆ ಸಾಮಾನ್ಯವಾಗಿ ಓದುವುದಿಲ್ಲ. ಎರಡನೆಯ ಕಡೆ ಗಾಜಿನ ಹಿಂದೆ ಮೊಬೈಲ್ ರಿಪೇರಿ ಮಾಡುತ್ತಿದ್ದವರು ಒಬ್ಬರು, ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ‘ಅರ್ಧ ಗಂಟೆ ಬಿಟ್ಟು ಬನ್ನಿ’ ಎಂದರು. ನಾನು ಎಲ್ಲಿಗೂ ಹೋಗಲಿಲ್ಲ. ಬಿಸಿಗಾಳಿಯ ಕೊಳವೆ ಹಿಡಿದರು, ಚಿಮುಟದಿಂದ ಆ ಕಾಳನ್ನು ಎತ್ತಿ ನನ್ನ ಅಂಗೈಗೆ ಹಾಕಿದರು. ಮೀಟರ್ ಹಿಡಿದರು, ಕೂಗಲಿಲ್ಲ. ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿದರು. ಡಿಸ್ಕಿನೊಳಗೆ ಆ ಪರಿಚಿತ ಸುಯ್ ಎಂಬ ಸದ್ದು. ‘ಮದುವೆ 2019’ ಎಂಬ ಫೋಲ್ಡರ್ ಪರದೆಯ ಮೇಲೆ ಕಂಡಿತು. 500 ರೂಪಾಯಿ.

‘ಇದಕ್ಕೆ ಈಗ ಕಾವಲಿಲ್ಲ. ಇಂದೇ ಪ್ರತಿ ತೆಗೆದುಕೊಳ್ಳಿ, ಆಮೇಲೆ ಇದರ ಸಹವಾಸ ಬಿಡಿ’ ಎಂದರು. ಎಲ್ಲರಿಗೂ ಹೀಗೆಯೇ ಆಗುತ್ತದೆಂದು ಹೇಳಲಾರೆ. ಡಯೋಡ್ ಜೊತೆ ಬೇರೇನಾದರೂ ಸುಟ್ಟಿದ್ದರೆ ಇಷ್ಟಕ್ಕೆ ಮುಗಿಯುತ್ತಿರಲಿಲ್ಲ. ಆದರೆ ಶಾರ್ಟ್ ತೋರಿಸುವ ಡಿಸ್ಕನ್ನು ಕಸಕ್ಕೆ ಹಾಕುವ ಮೊದಲು ಸಣ್ಣ ಬೆಸುಗೆ ಬಲ್ಲವರೊಬ್ಬರಿಗೆ ತೋರಿಸಿ.

ಅಲ್ಲಿಯೇ 4,900 ರೂಪಾಯಿ ಕೊಟ್ಟು ಹೊರಗಿನ ಡಿಸ್ಕ್ ಕೊಂಡೆ. ಯುಪಿಎಸ್‌ಗೆ ಹನ್ನೆರಡು ವೋಲ್ಟ್, ಏಳು ಆ್ಯಂಪಿಯರ್ ಅವರ್ ಬ್ಯಾಟರಿಗೆ 1,150. ರಾತ್ರಿ ಹತ್ತಕ್ಕೆ ಪ್ರತಿ ತೆಗೆಯಲು ಹಚ್ಚಿದೆ. ದೊಡ್ಡ ಕಡತಗಳು ಸರಸರನೆ ಹೋದವು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಚಿಕ್ಕ ಚಿಕ್ಕ ಕಡತಗಳು ಇರುವೆ ಸಾಲಿನಂತೆ. ಮೊದಲು ವಂಶಾವಳಿಯನ್ನು, ಆಮೇಲೆ ಈ ವರ್ಷದ್ದನ್ನು, ಉಳಿದದ್ದನ್ನು ಕೊನೆಗೆ. ನೀವೂ ಬೇಕೇಬೇಕಾದದ್ದರಿಂದ ಆರಂಭಿಸಿ. ಒಂದೂವರೆಗೆ ಕರೆಂಟ್ ಹೋಯಿತು. ಯುಪಿಎಸ್ ಕೀ ಕೀ ಎಂದಿತು, ನಾನು ಉಸಿರು ಹಿಡಿದೆ, ಏಳು ನಿಮಿಷಕ್ಕೆ ಬಂತು. ಮೂರೂ ಇಪ್ಪತ್ತಕ್ಕೆ ಮುಗಿಯಿತು. ಹೊರಗೆ ಮಳೆ ಸುರಿಯುತ್ತಿತ್ತು, ನಮ್ಮವರು ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿ ಹೇಳಿದೆ. ‘ಸರಿ, ಮಲಗು’ ಎಂದರು.

ಲೆಕ್ಕ ಕೇಳುವವರಿಗೆ: ಬಸ್ಸು, ಲಗೇಜು, ಆಟೋ ಸೇರಿ 710. ಮೇಲೆ ಬರೆದದ್ದೆಲ್ಲ ಕೂಡಿ ಒಟ್ಟು 12,800 ರೂಪಾಯಿ. ಹೊಸ ಕೇಬಲನ್ನು ಚೀಲದಿಂದ ತೆಗೆದಿದ್ದರೆ 4,150ಕ್ಕೆ ಮುಗಿಯುತ್ತಿತ್ತು. ಬ್ಯಾಟರಿಯೂ ಹೊರಗಿನ ಡಿಸ್ಕೂ ಹೇಗಿದ್ದರೂ ಬೇಕಾಗಿತ್ತು ಎಂದು ನಾನು ಮನೆಯಲ್ಲಿ ವಾದಿಸುತ್ತಿದ್ದೇನೆ. ಹಳೆಯ ಕೇಬಲನ್ನು ಅತ್ತೆ ಹೀರೆಬಳ್ಳಿಯನ್ನು ಚಪ್ಪರಕ್ಕೆ ಕಟ್ಟಲು ಒಯ್ದಿದ್ದಾರೆ.

ಸಾವಿರದ ಮುಂಗಡ ವಾಪಸ್ ಕೇಳಲು ಹೋದ ವಾರ ಹೋಗಿದ್ದೆ. ಬೋರ್ಡ್ ಬೆಂಗಳೂರಿನಿಂದ ಹೊರಟಾಗಿದೆ, ದುಡ್ಡು ಕೊಡಲು ಬರುವುದಿಲ್ಲ, ಬೇಕಾದರೆ ಆ ಬೆಲೆಗೆ ಏನಾದರೂ ತೆಗೆದುಕೊಂಡು ಹೋಗಿ ಎಂದರು. ಒಂದು ಕೀಬೋರ್ಡು, ಒಂದು ಮೌಸು ತಂದೆ. ಇದನ್ನು ಅದರಲ್ಲಿಯೇ ಟೈಪ್ ಮಾಡಿದ್ದೇನೆ. ನುಡಿಯಲ್ಲಿ ಒತ್ತಕ್ಷರಕ್ಕೆ ಬೇಕಾದ ಎಫ್ ಕೀಲಿ ಒಮ್ಮೊಮ್ಮೆ ಅಂಟಿಕೊಳ್ಳುತ್ತದೆ. ಎಲ್ಲಾದರೂ ಒತ್ತು ತಪ್ಪಿದ್ದರೆ ಅದು ನನ್ನದಲ್ಲ.